ಹಗ್ಗ ಯಾರ ಕೈಯಲ್ಲಿ: ಹದಿಹರೆಯದ ಹುಡುಗಿಯರು ಮತ್ತು ಸಾಹಸ ಶಿಕ್ಷಣ

ಸ್ಥಳೀಯ ಆಡಳಿತದಲ್ಲಿ ಹೆಂಗಸರಿಗೆ ಸ್ಥಾನ ಮೀಸಲಿಡುವುದರಲ್ಲಿ ಕರ್ನಾಟಕ ದೇಶಕ್ಕಿಂತ ಹತ್ತು ವರ್ಷ ಮುಂದಿತ್ತು. ಅಬ್ದುಲ್ ನಜೀರ್ ಸಾಬ್ ಮಂತ್ರಿಯಾಗಿದ್ದಾಗ ಬಂದ 1983ರ ಕಾಯ್ದೆ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಲ್ಲಿ ಶೇ 25ರಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಬಿಟ್ಟಿತು. 1987ರ ಚುನಾವಣೆಯಲ್ಲಿ ಸಾವಿರಾರು ಹೆಂಗಸರು ಮೊದಲ ಸಲ ಆ ಕುರ್ಚಿಗಳಲ್ಲಿ ಕೂತರು. ಈಗ ಆ ಪಾಲು ಅರ್ಧಕ್ಕೆ ಏರಿದೆ. ಗಟ್ಟಿಯಾಗಿ ಅಧಿಕಾರ ನಡೆಸಿದವರು ಅವರಲ್ಲಿ ಎಷ್ಟೋ ಮಂದಿ ಇದ್ದಾರೆ. ಆದರೂ ಸದಸ್ಯೆಯ ಪರವಾಗಿ ಗಂಡನೋ ಮೈದುನನೋ ಮಾತಾಡುವ, ಕಡತ ನೋಡುವ, ‘ಇಲ್ಲಿ ರುಜು ಹಾಕಮ್ಮ’ ಎನ್ನುವ ದೃಶ್ಯ ನಮ್ಮ ಹಳ್ಳಿಗಳಿಂದ ಇನ್ನೂ ಮರೆಯಾಗಿಲ್ಲ. ಇದಕ್ಕೆ ಜಾತಿ, ಆಸ್ತಿ, ಪಕ್ಷ ಎಂದು ಹತ್ತಾರು ಕಾರಣ ಹೇಳಬಹುದು. ಹೆಚ್ಚು ಚರ್ಚೆಯಾಗದ ಇನ್ನೊಂದು ಕಾರಣವಿದೆ. ನಾಲ್ಕು ಜನರ ಪರವಾಗಿ ನಿರ್ಧಾರ ತೆಗೆದುಕೊಂಡು, ಅದರ ಫಲ ಒಳ್ಳೆಯದಾಗಲಿ ಕೆಟ್ಟದಾಗಲಿ ಹೊತ್ತುಕೊಳ್ಳುವ ಅಭ್ಯಾಸವನ್ನು ನಮ್ಮ ಹುಡುಗಿಯರಿಗೆ ಯಾವ ವಯಸ್ಸಿನಲ್ಲಿ, ಎಲ್ಲಿ ಮಾಡಿಸಿದ್ದೇವೆ? ಮನೆಯಲ್ಲಿ ಇಲ್ಲ. ಶಾಲೆಯಲ್ಲಿ ತರಗತಿಯ ಲೀಡರ್ ಆದ ಹುಡುಗಿಗೆ ಸಿಗುವ ಅಧಿಕಾರವೆಂದರೆ ಗಲಾಟೆ ಮಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವುದಷ್ಟೆ. ಬೆಟ್ಟ, ಬಂಡೆ, ನೀರು, ಕಾಡುಗಳ ನಡುವೆ ನಡೆಯುವ ಸಾಹಸ ಶಿಕ್ಷಣ ಈ ಅಭ್ಯಾಸಕ್ಕೆ ಒದಗಬಲ್ಲ ಒಳ್ಳೆಯ ತಾಣ ಎಂಬುದು ಈ ಉಪನ್ಯಾಸದ ವಾದ. ಅದಕ್ಕೊಂದು ಷರತ್ತೂ ಇದೆ: ಹುಡುಗಿಗೆ ಅಲ್ಲಿ ಬರೀ ರೋಮಾಂಚನ ಸಿಕ್ಕರೆ ಸಾಲದು, ಹೊಣೆ ಸಿಗಬೇಕು.

ಹನ್ನೆರಡು ಹದಿಮೂರರ ಆಸುಪಾಸಿನಲ್ಲಿ ಹುಡುಗಿಯ ಓಡಾಟದ ವಲಯ ಕಿರಿದಾಗುತ್ತದೆ. ಅದೇ ವಯಸ್ಸಿನಲ್ಲಿ ಅಣ್ಣ ತಮ್ಮಂದಿರ ವಲಯ ಸೈಕಲ್ ಹತ್ತಿ ಪಕ್ಕದೂರಿಗೆ ಹಬ್ಬುತ್ತದೆ. 2016ರ ಮಾಹಿತಿ ಆಧರಿಸಿ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಲೆಕ್ಕದ ಪ್ರಕಾರ ಜಗತ್ತಿನಲ್ಲಿ 11ರಿಂದ 17 ವರ್ಷದ ಹುಡುಗಿಯರಲ್ಲಿ ಶೇ 85ರಷ್ಟು ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲ. ಹುಡುಗರಲ್ಲಿ ಈ ಪ್ರಮಾಣ ಶೇ 78. ಚಿತ್ರ ಇನ್ನೂ ಸ್ಪಷ್ಟವಾಗುವುದು ನಮ್ಮದೇ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ. ಪೇಟೆಗೆ, ಆಸ್ಪತ್ರೆಗೆ, ಊರಾಚೆಗೆ ಈ ಮೂರೂ ಕಡೆ ಒಬ್ಬಳೇ ಹೋಗಲು ಅವಕಾಶವಿರುವ ಹೆಂಗಸರು ದೇಶದಲ್ಲಿ ಶೇ 42 ಮಾತ್ರ. ಅಮೆರಿಕದ ತತ್ತ್ವಶಾಸ್ತ್ರಜ್ಞೆ ಐರಿಸ್ ಮರಿಯನ್ ಯಂಗ್ 1980ರಲ್ಲಿ ಬರೆದ ಒಂದು ಪ್ರಬಂಧ ಹುಡುಗಿಯರು ಚೆಂಡು ಎಸೆಯುವ ರೀತಿಯನ್ನು ವಿಶ್ಲೇಷಿಸುತ್ತದೆ. ತನಗೆ ಶಕ್ತಿ ಇದ್ದರೂ ಮೈಯನ್ನು ಪೂರ್ತಿ ಬಳಸದೆ ಕೈಯಷ್ಟನ್ನೇ ಆಡಿಸುವುದು, ಸುತ್ತಲ ಜಾಗ ತನ್ನದಲ್ಲವೆಂಬಂತೆ ಮುದುಡಿಕೊಳ್ಳುವುದು, ಇವು ಹುಟ್ಟಿನಿಂದ ಬಂದದ್ದಲ್ಲ, ಕಲಿಸಿದ್ದು ಎನ್ನುತ್ತಾರೆ ಅವರು. ನಮ್ಮಲ್ಲಿ ಆ ಕಲಿಕೆಗೆ ಪ್ರತ್ಯೇಕ ಪಾಠವೇ ಬೇಡ. ‘ನಿಧಾನ’, ‘ಕಾಲು ಕೂಡಿಸಿ ಕೂರು’, ‘ಜೋರಾಗಿ ನಗಬೇಡ’ ಎಂಬ ದಿನನಿತ್ಯದ ಮಾತುಗಳೇ ಸಾಕು.

ಇಲ್ಲೊಂದು ತಕರಾರು ಏಳುತ್ತದೆ. ಮಲೆನಾಡಿನ ಹುಡುಗಿ ದಿನವೂ ಸಂಕ ದಾಟಿ, ಗುಡ್ಡ ಹತ್ತಿಳಿದು ಶಾಲೆಗೆ ಹೋಗುತ್ತಾಳೆ. ಬಯಲುಸೀಮೆಯ ಹುಡುಗಿ ತಲೆಯ ಮೇಲೆ ಕೊಡ ಹೊತ್ತು ಮೈಲಿ ನಡೆಯುತ್ತಾಳೆ, ಕುರಿ ಕಾಯುತ್ತಾಳೆ. ಅವಳಿಗೆ ಬೆಟ್ಟ ಹತ್ತುವುದನ್ನು ಪಟ್ಟಣದವರು ಹೋಗಿ ಕಲಿಸಬೇಕೆ? ತಕರಾರು ನ್ಯಾಯವಾದದ್ದು. ಆತ್ಮವಿಶ್ವಾಸ ಬರೀ ಬಯಲಿನ ಗಾಳಿಯಿಂದ ಬರುವುದಾಗಿದ್ದರೆ ನೀರು ಹೊರುವ ಹೆಣ್ಣುಮಕ್ಕಳು ಇಷ್ಟು ಹೊತ್ತಿಗೆ ರಾಜ್ಯ ಆಳುತ್ತಿರಬೇಕಿತ್ತು. ಅವಳಿಗೆ ಕಷ್ಟ ಗೊತ್ತು, ದಾರಿಯೂ ಗೊತ್ತು. ಆದರೆ ಯಾವಾಗ ಹೋಗಬೇಕು, ಎಷ್ಟು ಹೊರಬೇಕು ಎಂಬುದನ್ನು ಬೇರೆಯವರು ಹೇಳುತ್ತಾರೆ. ಅವಳ ಜಾಣತನ ಲೆಕ್ಕಕ್ಕೆ ಬರುವುದಿಲ್ಲ. ಅವಳ ಪಾಲಿಗೆ ಹೊಸತಾಗಿ ಬರಬೇಕಾದದ್ದು ನಿರ್ಧಾರದ ಹಕ್ಕು.

ಆ ಹಕ್ಕು ಕೈಗೆ ಬರುವುದು ಹೇಗೆಂದು ತಿಳಿಯಲು ಬಂಡೆ ಹತ್ತುವವರ ‘ಬಿಲೇ’ ಪದ್ಧತಿಯನ್ನು ಹತ್ತಿರದಿಂದ ನೋಡಬೇಕು. ರಾಮನಗರದ ಗ್ರಾನೈಟ್ ಬಂಡೆಯೋ ಬಾದಾಮಿಯ ಕೆಂಪು ಮರಳುಗಲ್ಲೋ, ವಿಧಾನ ಒಂದೇ. ಹತ್ತುವವಳ ಸೊಂಟದ ಹಾರ್ನೆಸ್‌ಗೆ ಎಂಟರ ಆಕಾರದ ಗಂಟಿನಿಂದ ಬಿಗಿದ ಹಗ್ಗ ಮೇಲಿನ ಆಧಾರದವರೆಗೆ ಹೋಗಿ, ತಿರುಗಿ ಕೆಳಗೆ ನಿಂತ ಇನ್ನೊಬ್ಬಳ ಬಳಿಗೆ ಬರುತ್ತದೆ. ಹೊರಡುವ ಮೊದಲು ಇಬ್ಬರೂ ಪರಸ್ಪರರ ಬಕಲ್ ಎಳೆದು ನೋಡಬೇಕು, ಗಂಟು ಮುಟ್ಟಿ ನೋಡಬೇಕು, ಕ್ಯಾರಬೀನರ್ ಎಂಬ ಲೋಹದ ಕೊಂಡಿಯ ತಿರುಪು ಬಿಗಿಯಾಗಿದೆಯೇ ಎಂದು ಪರೀಕ್ಷಿಸಬೇಕು. ‘ಬಿಲೇ ಆನ್’ ಎಂದು ಕೆಳಗಿನವಳು ಗಟ್ಟಿಯಾಗಿ ಕೂಗುವವರೆಗೆ ಮೇಲಿನವಳು ಕಾಲೆತ್ತುವಂತಿಲ್ಲ. ಆಮೇಲೆ ಕೆಳಗಿನವಳ ಬ್ರೇಕ್ ಕೈ ಹಗ್ಗವನ್ನು ಒಂದು ಗಳಿಗೆಯೂ ಬಿಡಬಾರದು. ಸೊಳ್ಳೆ ಕಚ್ಚಲಿ, ಮೂಗು ತುರಿಸಲಿ, ಬಿಡಬಾರದು. ಕಲಿಕೆಯ ದಿನಗಳಲ್ಲಿ ತರಬೇತುದಾರಳು ಅವಳ ಹಿಂದೆ ಹಗ್ಗದ ಬಾಲ ಹಿಡಿದು ನಿಂತಿರುತ್ತಾಳೆ, ಆದರೆ ಮಾತಾಡುವುದಿಲ್ಲ. ಮೇಲಿನವಳ ಕಾಲು ಜಾರುತ್ತದೆ, ಹಗ್ಗ ಬಿಗಿಯುತ್ತದೆ, ಅವಳು ಹೆಚ್ಚು ಕೆಳಗೆ ಬೀಳುವುದಿಲ್ಲ. ಪ್ರವಾಸದ ಫೋಟೊದಲ್ಲಿ ಕಾಣುವವಳು ಹತ್ತಿದವಳು. ನನ್ನ ಎಣಿಕೆಯಲ್ಲಿ ಆ ದಿನ ಹೆಚ್ಚು ಕಲಿತವಳು ಕೆಳಗಿದ್ದವಳು. ಗಟ್ಟಿಯಾಗಿ ಕೂಗಬಾರದೆಂದು ಮನೆಯಲ್ಲಿ ಹೇಳಿಸಿಕೊಂಡ ಹುಡುಗಿ ಇಲ್ಲಿ ಕೂಗದಿದ್ದರೆ ಕೆಲಸವೇ ಕೆಡುತ್ತದೆ. ಅವಳ ತೂಕ, ಗಮನ, ಮಾತು ಮೂರರ ಮೇಲೂ ಇನ್ನೊಂದು ಜೀವ ನಿಂತಿದೆ. ‘ನಿನ್ನಿಂದ ಆಗುತ್ತದೆ’ ಎಂದು ಹತ್ತು ಭಾಷಣ ಕೇಳಿಸಿದರೂ ಹುಟ್ಟದ ನಂಬಿಕೆ ಇಲ್ಲಿ ಒಂದು ಬೆಳಿಗ್ಗೆಯಲ್ಲಿ ಹುಟ್ಟಬಹುದು.

ಮನಶ್ಶಾಸ್ತ್ರ ಹೇಳುವುದೂ ಹೆಚ್ಚು ಕಡಿಮೆ ಇದನ್ನೇ. ಆಲ್ಬರ್ಟ್ ಬಂಡೂರ 1977ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ ‘ನಾನು ಮಾಡಬಲ್ಲೆ’ ಎಂಬ ನಂಬಿಕೆಗೆ ನಾಲ್ಕು ಮೂಲಗಳಿವೆ: ಸ್ವತಃ ಮಾಡಿ ಗೆದ್ದ ಅನುಭವ, ತನ್ನಂಥವರು ಮಾಡಿದ್ದನ್ನು ಕಂಡದ್ದು, ಇತರರ ಪ್ರೋತ್ಸಾಹದ ಮಾತು, ತನ್ನ ಮೈಯ ಸ್ಥಿತಿಯನ್ನು ತಾನು ಅರ್ಥ ಮಾಡಿಕೊಳ್ಳುವ ಬಗೆ. ಇವುಗಳಲ್ಲಿ ಮೊದಲನೆಯದೇ ಬಲವಾದದ್ದು. ನಮ್ಮ ಶಾಲೆಗಳು ಮೂರನೆಯದನ್ನು ಮಾತ್ರ ಧಾರಾಳವಾಗಿ ಹಂಚುತ್ತವೆ, ವಿಶೇಷವಾಗಿ ವಾರ್ಷಿಕೋತ್ಸವದ ದಿನ. 1997ರಲ್ಲಿ ಜಾನ್ ಹ್ಯಾಟಿ ಮತ್ತು ಸಂಗಡಿಗರು ಸಾಹಸ ಶಿಕ್ಷಣದ ಮೇಲಿನ 96 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಶಿಬಿರ ಮುಗಿದಾಗ ಕಂಡ ಲಾಭ ಸಾಧಾರಣವಾದದ್ದು, ಅವರ ಅಳತೆಯಲ್ಲಿ 0.34. ಅಚ್ಚರಿಯೆಂದರೆ ಆಮೇಲಿನ ತಿಂಗಳುಗಳಲ್ಲಿ ಅದು ಕರಗಲಿಲ್ಲ, ಇನ್ನೂ 0.17ರಷ್ಟು ಬೆಳೆಯಿತು. ಸಾಮಾನ್ಯವಾಗಿ ಶೈಕ್ಷಣಿಕ ಪ್ರಯೋಗಗಳ ಲಾಭ ಬೇಗ ಮಾಸುತ್ತದೆ. ಇಪ್ಪತ್ತು ದಿನಕ್ಕಿಂತ ದೀರ್ಘವಾದ ಕಾರ್ಯಕ್ರಮಗಳ ಫಲ ಹೆಚ್ಚಾಗಿತ್ತು ಎಂಬುದನ್ನೂ ಗಮನಿಸಬೇಕು. ಈ ಅಂಕಿಗಳನ್ನು ಹಿಡಿದು ಕುಣಿಯಬೇಕಾಗಿಲ್ಲ. ಇಂಥ ಅಧ್ಯಯನಗಳು ಬಹುಮಟ್ಟಿಗೆ ಭಾಗವಹಿಸಿದವರು ತಮ್ಮ ಬಗ್ಗೆ ತಾವೇ ಹೇಳಿಕೊಂಡದ್ದನ್ನು ನೆಚ್ಚಿವೆ, ನಮ್ಮ ವಸತಿಶಾಲೆಯ ಹುಡುಗಿಯನ್ನು ಮನಸ್ಸಿನಲ್ಲಿಟ್ಟು ನಡೆದವಲ್ಲ. ಆದರೂ ಒಂದು ದಿನದ ಪಿಕ್ನಿಕ್‌ಗೂ ತಿಂಗಳ ತರಬೇತಿಗೂ ಇರುವ ಅಂತರವನ್ನು ಅವು ಸೂಚಿಸುತ್ತವೆ.

ಹೊಣೆಯೇ ನಾಯಕತ್ವವಾಗಿ ಬೆಳೆದದ್ದಕ್ಕೆ ಬಚೇಂದ್ರಿ ಪಾಲ್ ಅವರ ಬದುಕು ಸಾಕ್ಷಿ. 1984ರ ಮೇ 23ರಂದು ಅವರು ಎವರೆಸ್ಟ್ ಏರಿದ್ದು ಎಲ್ಲರಿಗೂ ಗೊತ್ತು. ಅದಕ್ಕೆ ಒಂದು ವಾರದ ಹಿಂದೆ ನಡುರಾತ್ರಿ ಹಿಮದ ರಾಶಿ ಕುಸಿದು ಅವರ ಶಿಬಿರವನ್ನು ಮುಚ್ಚಿತ್ತು. ಸಂಗಾತಿಗಳು ಚಾಕುವಿನಿಂದ ಡೇರೆ ಸೀಳಿ ಅವರನ್ನು ಹೊರಗೆಳೆದರು. ಭಯವಾಯಿತೇ ಎಂದು ತಂಡದ ನಾಯಕ ಕರ್ನಲ್ ಖುಲ್ಲರ್ ಕೇಳಿದಾಗ ಹೌದೆಂದರು. ವಾಪಸು ಹೋಗುತ್ತೀಯಾ ಎಂದಾಗ ಇಲ್ಲವೆಂದರು. ಆ ಎರಡು ಉತ್ತರಗಳನ್ನೂ ಅವರಿಗೇ ಬಿಟ್ಟ ನಾಯಕನ ಪಾಲೂ ಇದರಲ್ಲಿದೆ. ಒಂಬತ್ತು ವರ್ಷಗಳ ನಂತರ, 1993ರಲ್ಲಿ, ಭಾರತ–ನೇಪಾಳ ಮಹಿಳಾ ತಂಡವನ್ನು ಎವರೆಸ್ಟಿಗೆ ಕರೆದೊಯ್ದವರು ಬಚೇಂದ್ರಿಯವರೇ. ಆ ಸಲ 7 ಮಹಿಳೆಯರು ಸೇರಿ 18 ಮಂದಿ ಶಿಖರ ಮುಟ್ಟಿದರು. ತಾನು ಮೇಲೇರಿದ್ದಕ್ಕಿಂತ ಉಳಿದವರನ್ನು ಏರಿಸಿ ಇಳಿಸಿಕೊಂಡು ಬಂದದ್ದನ್ನು ನಾನು ದೊಡ್ಡ ಸಾಧನೆ ಎನ್ನುತ್ತೇನೆ.

ನಮ್ಮ ನೆರೆಯ ತೆಲಂಗಾಣದ ಉದಾಹರಣೆ ಇದಕ್ಕಿಂತ ತೊಡಕಿನದು, ಆದ್ದರಿಂದಲೇ ಹೆಚ್ಚು ಪಾಠ ಹೇಳುವಂಥದು. ನಿಜಾಮಾಬಾದ್ ಜಿಲ್ಲೆಯ ಪಾಕಾಲ ಎಂಬ ಹಳ್ಳಿಯ ಕೃಷಿ ಕೂಲಿ ಕುಟುಂಬದ, ಸಮಾಜ ಕಲ್ಯಾಣ ವಸತಿ ಶಾಲೆಯಲ್ಲಿ ಓದುತ್ತಿದ್ದ ಮಾಲಾವತ್ ಪೂರ್ಣಾ 2014ರ ಮೇ 25ರಂದು, ಹದಿನಾಲ್ಕು ತುಂಬುವ ಮೊದಲೇ, ಎವರೆಸ್ಟ್ ಶಿಖರದ ಮೇಲಿದ್ದಳು. ಭುವನಗಿರಿಯ ಬಂಡೆ, ಡಾರ್ಜಿಲಿಂಗ್‌ನ ತರಬೇತಿ, ಲಡಾಖ್‌ನ ಚಳಿ ಎಂದು ಹಂತ ಹಂತವಾಗಿ ಅವಳನ್ನು ಸಜ್ಜುಗೊಳಿಸಿದ್ದರು. ಅಷ್ಟು ಚಿಕ್ಕವರಿಗೆ ನೇಪಾಳ ಪರವಾನಗಿ ಕೊಡದ ಕಾರಣ ಟಿಬೆಟ್ ಕಡೆಯಿಂದ ಹತ್ತಬೇಕಾಯಿತು. ಅದೇ ಋತುವಿನಲ್ಲಿ, ಏಪ್ರಿಲ್ 18ರಂದು, ನೇಪಾಳದ ಕಡೆಯ ಹಿಮಕುಸಿತದಲ್ಲಿ 16 ಮಂದಿ ಪರ್ವತ ಕಾರ್ಮಿಕರು ಸತ್ತಿದ್ದರು. ಇಂಥ ಜಾಗಕ್ಕೆ ಮಗುವನ್ನು ಕಳಿಸಿದ್ದು ಸರಿಯೆ? ನನ್ನ ಮಟ್ಟಿಗೆ ಅಷ್ಟು ಚಿಕ್ಕ ವಯಸ್ಸಿನಲ್ಲಿ ಏರಿದ ದಾಖಲೆ ಇಡೀ ಪ್ರಯತ್ನದಲ್ಲಿ ಅತ್ಯಂತ ಕಡಿಮೆ ಬೆಲೆಯ ಅಂಶ. ಅದನ್ನು ಯಾರೂ ಮುರಿಯಲು ಹೋಗಬಾರದು. ಬೆಲೆಯುಳ್ಳದ್ದು ಅದಕ್ಕೆ ಮುಂಚಿನ ಭುವನಗಿರಿ. ದಲಿತ, ಆದಿವಾಸಿ ಮಕ್ಕಳ ಸರ್ಕಾರಿ ವಸತಿ ಶಾಲೆಗಳು ಬಂಡೆ ಹತ್ತುವುದನ್ನು ಕಲಿಕೆಯೊಳಗೆ ತಂದವು, ಎವರೆಸ್ಟಿಗೆ ಹೋಗದ ಮಕ್ಕಳೂ ಆ ಬಂಡೆ ಹತ್ತಿದರು. ಪತ್ರಿಕೆಗಳು ಅವರ ಬಗ್ಗೆ ಹೆಚ್ಚು ಬರೆಯಲಿಲ್ಲ.

ಶಿಖರ, ಪದಕಗಳನ್ನಷ್ಟೇ ಗುರಿಯಾಗಿಟ್ಟರೆ ಏನಾಗುತ್ತದೆಂದು ಕನ್ನಡಿಗರಿಗೆ ಹೊರಗಿನವರು ಹೇಳಬೇಕಾಗಿಲ್ಲ. ಉತ್ತರ ಕನ್ನಡದ ಸಿದ್ದಿ ಸಮುದಾಯದ ಮಕ್ಕಳನ್ನು 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಓಟದ ತರಬೇತಿಗೆ ಆರಿಸಿತು. ರಾಷ್ಟ್ರೀಯ ಮಟ್ಟದ ಓಟಗಾರ್ತಿಯರೂ ಬಂದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಮಕ್ಕಳು ಊರಿಗೆ ಮರಳಿದರು. ಆರಿಸಿದವರು ಮೇಲಿನವರು, ನಿಲ್ಲಿಸಿದವರೂ ಅವರೇ.

ಇನ್ನು ಅಪಾಯದ ಮಾತು. 2022ರ ಅಕ್ಟೋಬರ್ 4ರಂದು ಉತ್ತರಕಾಶಿಯ ದ್ರೌಪದಿ ಕಾ ಡಾಂಡಾ ಪರ್ವತದಲ್ಲಿ, ದೇಶದ ಹೆಸರಾಂತ ನೆಹರೂ ಪರ್ವತಾರೋಹಣ ಸಂಸ್ಥೆಯ ತಂಡವೇ ಹಿಮಕುಸಿತಕ್ಕೆ ಸಿಕ್ಕು ಕನಿಷ್ಠ 27 ಮಂದಿಯ ಜೀವ ಹೋಯಿತು. ಅದೇ ವರ್ಷ ಎವರೆಸ್ಟ್ ಏರಿದ್ದ ತರಬೇತುದಾರ್ತಿ ಸವಿತಾ ಕಂಸವಾಲ್ ಅವರಲ್ಲಿ ಒಬ್ಬರು. 2024ರ ಜೂನ್‌ನಲ್ಲಿ ಸಹಸ್ರತಾಲ್ ಚಾರಣಕ್ಕೆ ಕರ್ನಾಟಕದಿಂದ ಹೋದ ತಂಡದ 9 ಮಂದಿ ಹಿಮಗಾಳಿಯಲ್ಲಿ ತೀರಿಕೊಂಡರು. ಇವನ್ನು ಮುಚ್ಚಿಟ್ಟು ತಂದೆ ತಾಯಿಯರ ಒಪ್ಪಿಗೆ ಕೇಳುವುದು ಮೋಸ. ಆದರೆ ನಾನು ಕೇಳುತ್ತಿರುವುದು ಹಿಮಾಲಯವನ್ನಲ್ಲ. ಮಧುಗಿರಿಯ ಬುಡದಲ್ಲಿ ಹಗ್ಗದ ಪಾಠ, ಹೊನ್ನೆಮರಡುವಿನ ಹಿನ್ನೀರಿನಲ್ಲಿ ಲೈಫ್ ಜಾಕೆಟ್ ತೊಟ್ಟು ಹುಟ್ಟು ಹಾಕುವುದು, ನಕ್ಷೆ ಹಿಡಿದು ಒಂದು ದಿನದ ಕಾಡುದಾರಿ, ಇಷ್ಟು. ಇಲ್ಲಿ ಹೆದರಿಕೆ ದೊಡ್ಡದು, ಶಿಸ್ತಿದ್ದರೆ ನಿಜವಾದ ಅಪಾಯ ಸಣ್ಣದು. ಮೋಡ ಕಟ್ಟಿದಾಗ ‘ಇವತ್ತು ಬೇಡ, ಇಳಿಯೋಣ’ ಎಂದು ಹೇಳುವ ಅಧಿಕಾರ ತಂಡದ ಹುಡುಗಿಗೆ ಇರಬೇಕು, ಹಾಗೆ ಹೇಳಿದ್ದಕ್ಕೆ ಅವಳು ನಗೆಪಾಟಲಾಗಬಾರದು. ಮನೆಯಲ್ಲೇ ಕೂರಿಸಿದರೆ ಅಪಾಯವಿಲ್ಲ ಎನ್ನುವವರು, ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಂಗಸರಲ್ಲಿ ಶೇ 21ರಷ್ಟು ಮಂದಿಗೆ ಹದಿನೆಂಟರೊಳಗೇ ಮದುವೆಯಾಗಿತ್ತು ಎಂಬ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಯನ್ನು ಒಮ್ಮೆ ನೋಡಲಿ.

ದೇಶದ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ಶೇ 59ರಷ್ಟು ಮಂದಿಗೆ ರಕ್ತಹೀನತೆ ಇರುವಾಗ, ಶೌಚಾಲಯಕ್ಕೆ ನೀರಿಲ್ಲದಿರುವಾಗ ಹಗ್ಗ, ಹಾರ್ನೆಸ್ ಎನ್ನುವುದು ಶೋಕಿ ಎಂಬ ಆಕ್ಷೇಪಕ್ಕೆ ಉತ್ತರ ಚಿಕ್ಕದು. ಎರಡೂ ಬೇಕು. ಬೆಟ್ಟಕ್ಕೆ ಹೊರಡುವ ಮುನ್ನ ರಕ್ತ ಪರೀಕ್ಷೆ ಕಡ್ಡಾಯವಾದರೆ ಕಬ್ಬಿಣದ ಮಾತ್ರೆಗೆ ಒಂದು ಕಾರಣ ಸಿಗುತ್ತದೆ. ಮುಟ್ಟಿನ ದಿನಗಳ ಬಗ್ಗೆ ಪಿಸುಮಾತಿಲ್ಲದೆ ಚರ್ಚಿಸಲೇಬೇಕಾಗುತ್ತದೆ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಸ್ತ್ರೀವಾದಿಗಳಿಂದಲೇ ಬರುತ್ತದೆ. ಹುಡುಗಿಯ ಧೈರ್ಯ ಕಡಿಮೆ ಎಂದು ರೋಗ ಗುರುತಿಸಿ ಅವಳಿಗೇ ಔಷಧ ಕೊಡುತ್ತೀರಿ. ಬೀದಿ ದೀಪವಿಲ್ಲದ ರಸ್ತೆ, ಹಿಂಬಾಲಿಸುವ ಹುಡುಗ, ಓದು ಬಿಡಿಸುವ ಅಪ್ಪ ಹಾಗೇ ಉಳಿಯುತ್ತಾರಲ್ಲ? ಇದನ್ನು ನಾನು ತಳ್ಳಿಹಾಕಲಾರೆ. ಗಟ್ಟಿಗಿತ್ತಿಯಾಗಿ ಮರಳಿದ ಹುಡುಗಿಗೆ ಮನೆ ಮೊದಲಿಗಿಂತ ಇಕ್ಕಟ್ಟೆನಿಸಬಹುದು. ಆದ್ದರಿಂದ ಶಿಬಿರದ ಕೊನೆಯ ದಿನ ಪೋಷಕರು ಬಂಡೆಯ ಬುಡಕ್ಕೆ ಬರಬೇಕು, ಮಗಳು ಹಿಡಿದ ಹಗ್ಗದಲ್ಲಿ ತಾಯಿಯೂ ನಾಲ್ಕಡಿ ಹತ್ತಲಿ. ಒಬ್ಬಳ ಧೈರ್ಯಕ್ಕೆ ರಸ್ತೆಯ ದೀಪ ಹಾಕಿಸುವ ಶಕ್ತಿ ಇಲ್ಲ. ಆದರೆ ಒಂದೇ ಹಗ್ಗಕ್ಕೆ ಜೀವ ಒಪ್ಪಿಸಿ ಕಲಿತ ಹನ್ನೆರಡು ಮಂದಿ ಗ್ರಾಮಸಭೆಗೆ ಒಟ್ಟಾಗಿ ಹೋಗಿ ದೀಪ ಕೇಳಬಲ್ಲರು. ಹುಡುಗ ಹುಡುಗಿಯರ ಮಿಶ್ರ ಶಿಬಿರದಲ್ಲಿ ಹುಡುಗಿಯರ ಕೈಗೆ ಹೊಣೆ ಬರುವುದು ಕಷ್ಟ. ಅಲ್ಲಿ ನಕ್ಷೆ ಹುಡುಗರ ಕೈಗೂ ಸೌಟು ಹುಡುಗಿಯರ ಕೈಗೂ ತಾನಾಗಿಯೇ ಹೋಗುತ್ತದೆ. ಮೊದಲ ಕೆಲವು ವರ್ಷವಾದರೂ ಹುಡುಗಿಯರದೇ ತಂಡ, ಮಹಿಳಾ ತರಬೇತುದಾರರು ಇರಬೇಕು.

ನಮ್ಮಲ್ಲಿ ಇದಕ್ಕೆ ಬೇಕಾದದ್ದು ಬಹುಮಟ್ಟಿಗೆ ಈಗಾಗಲೇ ಇದೆ. ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳು, ಕಿತ್ತೂರು ರಾಣಿ ಚೆನ್ನಮ್ಮ ಮತ್ತು ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿವೆ; ಜನರಲ್ ತಿಮ್ಮಯ್ಯ ಅವರ ಹೆಸರಿನ ಸಾಹಸ ಅಕಾಡೆಮಿ ಇದೆ; ಬಂಡೆಗಳಿಗಂತೂ ಬರವಿಲ್ಲ. ಇಲ್ಲದಿರುವುದು ಇವುಗಳ ನಡುವಿನ ಕೊಂಡಿ. ಈ ಸಭೆಯಲ್ಲಿ ಶಿಕ್ಷಣ ಇಲಾಖೆಯವರು, ಶಾಲಾಭಿವೃದ್ಧಿ ಸಮಿತಿಯವರು ಇದ್ದರೆ ಅವರಲ್ಲಿ ನನ್ನ ವಿನಂತಿ ಇಷ್ಟೆ: ಪ್ರತಿ ತಾಲ್ಲೂಕಿನಿಂದ ಇಬ್ಬರು ಶಿಕ್ಷಕಿಯರನ್ನು ಬಂಡೆ ತರಬೇತಿಗೆ ಕಳಿಸಿ, ಎಂಟನೆಯ ತರಗತಿಯಿಂದ ಹತ್ತರವರೆಗೆ ಮೂರು ವರ್ಷ ಒಂದೇ ತಂಡವನ್ನು ಬೆಳೆಸಿ, ಮತ್ತು ಮೂರನೆಯ ವರ್ಷದ ನಡಿಗೆಗೆ ದಿನ, ದಾರಿ, ಹೊರೆ ಎಲ್ಲವನ್ನೂ ಹುಡುಗಿಯರೇ ಗೊತ್ತುಮಾಡಲು ಬಿಡಿ.