ಸುದ್ದಿಯನ್ನು ಒಟ್ಟಿಗೆ ಕೂತು ಓದುವುದು



ಮಾಧ್ಯಮ ಸಾಕ್ಷರತೆಯನ್ನು ಜನರ ನಡುವೆ ಹೇಗೆ ಬೆಳೆಸಬಹುದು ಎಂಬುದು ಇವತ್ತಿನ ಈ ದತ್ತಿ ಉಪನ್ಯಾಸದ ವಿಷಯ. ನನ್ನ ಮಾತು ಬೀದರಿನಿಂದಲೇ ಶುರುವಾಗಬೇಕು.

2018ರ ಜುಲೈ 13. ಹೈದರಾಬಾದಿನ ಕೆಲವು ಗೆಳೆಯರು ಕಾರಿನಲ್ಲಿ ಔರಾದ್ ಕಡೆ ಬಂದಿದ್ದರು. ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಗುಲ್ಲು ತಿಂಗಳುಗಟ್ಟಲೆಯಿಂದ ಮೊಬೈಲುಗಳಲ್ಲಿ ಹರಿದಾಡುತ್ತಿದ್ದ ಕಾಲ ಅದು. ಊರವರು ಸುತ್ತುವರಿದರು, ಇವರು ಗಾಬರಿಯಿಂದ ಕಾರು ಹತ್ತಿ ಹೊರಟರು. ಕಾರಿಗಿಂತ ಮುಂಚೆ ವಾಟ್ಸ್‌ಆ್ಯಪ್ ಸಂದೇಶ ಮುರ್ಕಿ ಗ್ರಾಮ ತಲುಪಿತ್ತು. ಅಲ್ಲಿ ರಸ್ತೆ ತಡೆದ ಗುಂಪು ಆ ಗೆಳೆಯರಲ್ಲಿ ಒಬ್ಬನನ್ನು, ಒಬ್ಬ ಯುವ ಸಾಫ್ಟ್‌ವೇರ್ ಇಂಜಿನಿಯರನ್ನು, ಹೊಡೆದು ಕೊಂದಿತು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿತ್ತು. ಅದೇ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲೂ ಇದೇ ಗುಲ್ಲಿಗೆ ಹೊರಗಿನಿಂದ ಬಂದಿದ್ದ ಒಬ್ಬ ಯುವಕ ಬಲಿಯಾಗಿದ್ದ.

ಆ ದಿನಗಳಲ್ಲಿ ಎಲ್ಲರ ಮೊಬೈಲಿನಲ್ಲೂ ಒಂದು ವಿಡಿಯೊ ಇತ್ತು. ಗಲ್ಲಿಯಲ್ಲಿ ಹುಡುಗರು ಆಡುತ್ತಿರುತ್ತಾರೆ. ಬೈಕಿನಲ್ಲಿ ಬಂದ ಇಬ್ಬರು ಒಂದು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅಷ್ಟಕ್ಕೆ ವಿಡಿಯೊ ಮುಗಿಯುತ್ತದೆ. ಅದು ಪಾಕಿಸ್ತಾನದ ಕರಾಚಿಯಲ್ಲಿ, ಮಕ್ಕಳ ಸುರಕ್ಷತೆಯ ಬಗ್ಗೆ ಜಾಗೃತಿ ಮೂಡಿಸಲು ತೆಗೆದ ಜಾಹೀರಾತು. ಮೂಲದಲ್ಲಿ ಆ ಬೈಕಿನವರು ತಿರುಗಿ ಬಂದು ಮಗುವನ್ನು ಇಳಿಸಿ, ಮಗುವನ್ನು ಎತ್ತಿಕೊಂಡು ಹೋಗುವುದು ಎಷ್ಟು ಸುಲಭ ನೋಡಿ ಎಂಬ ಅರ್ಥದ ಫಲಕ ಹಿಡಿದು ತೋರಿಸುತ್ತಾರೆ. ಯಾರೋ ಕೊನೆಯ ಆ ಕೆಲವು ಸೆಕೆಂಡುಗಳನ್ನು ಕತ್ತರಿಸಿದರು. ಸುಳ್ಳನ್ನು ಹುಟ್ಟಿಸುವ ಶ್ರಮ ಕೂಡ ಬೇಕಾಗಲಿಲ್ಲ, ನಿಜದ ಬಾಲ ಕತ್ತರಿಸಿದರೆ ಸಾಕಾಯಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವವರು ಎಲ್ಲ ಕಾಲದಲ್ಲೂ ಇದ್ದರು. ಹಿಂದೆ ಆ ಮಾತು ಒಂದು ಕೇರಿ ದಾಟುವುದಕ್ಕೆ ಒಂದು ಹಗಲು ಬೇಕಾಗುತ್ತಿತ್ತು. ಅಷ್ಟರಲ್ಲಿ ಎತ್ತನ್ನು ನೋಡಿದವನೊಬ್ಬ ಎದುರಿಗೆ ಸಿಗುತ್ತಿದ್ದ.

ಇದೆಲ್ಲ ಓದುಬರಹ ಬಾರದವರ ಕಥೆ ಎಂದು ನಮ್ಮನ್ನು ನಾವು ಸಮಾಧಾನಪಡಿಸಿಕೊಳ್ಳುವ ಹಾಗಿಲ್ಲ. 2012ರ ಆಗಸ್ಟ್‌ನಲ್ಲಿ ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಗುವಾಹಟಿಯ ರೈಲಿಗಾಗಿ ಸಾವಿರಾರು ಜನ ಸೇರಿದ್ದರು. ಈಶಾನ್ಯ ರಾಜ್ಯಗಳವರ ಮೇಲೆ ದಾಳಿ ನಡೆಯಲಿದೆ ಎಂಬ ಎಸ್ಸೆಮ್ಮೆಸ್‌ಗಳು ಅವರನ್ನು ಹಾಗೆ ಹೊರಡಿಸಿದ್ದವು. ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಕೇಂದ್ರ ಸರ್ಕಾರ 15 ದಿನಗಳ ಮಟ್ಟಿಗೆ ಒಬ್ಬರು ಒಂದೇ ಸಲಕ್ಕೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳಿಸದ ಹಾಗೆ ಮಾಡಿತು. ಆ ಪ್ಲಾಟ್‌ಫಾರ್ಮಿನಲ್ಲಿ ಹೋಟೆಲು ಕೆಲಸದವರು, ಸೆಕ್ಯುರಿಟಿ ಗಾರ್ಡುಗಳ ಜೊತೆ ಕಾಲೇಜು ವಿದ್ಯಾರ್ಥಿಗಳೂ ಇದ್ದರು. 2018ರಲ್ಲಿ ವಾಟ್ಸ್‌ಆ್ಯಪ್ ಕೂಡ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳಿಸಬಹುದು ಎಂಬ ಮಿತಿ ತಂದಿತು. ಮಿತಿಗಳಿಂದ ವೇಗ ತಗ್ಗುತ್ತದೆ, ನಿಜ. ವಿವೇಚನೆ ಅದರಿಂದ ಬರುವುದಿಲ್ಲ.

ಆ ವಿವೇಚನೆಗೆ ಹಿಂದೆ ಒಂದು ಜಾಗವಿತ್ತು. ನಮ್ಮ ಹಳ್ಳಿಗಳಿಗೆ ಮಾಧ್ಯಮ ಬಂದದ್ದೇ ಗುಂಪಿನ ನಡುವೆ. ಪುಣೆಯ ಸುತ್ತಿನ ಜಿಲ್ಲೆಗಳಲ್ಲಿ 1956ರಲ್ಲಿ ಆಕಾಶವಾಣಿ ಮತ್ತು ಯುನೆಸ್ಕೊ ಸೇರಿ ರೇಡಿಯೊ ಗ್ರಾಮವೇದಿಕೆಗಳ ಪ್ರಯೋಗ ನಡೆಸಿದವು. ರೈತರು ಒಟ್ಟಾಗಿ ಕಾರ್ಯಕ್ರಮ ಕೇಳಬೇಕು, ಮುಗಿದ ಮೇಲೆ ಚರ್ಚಿಸಬೇಕು, ತಮ್ಮ ಪ್ರಶ್ನೆಗಳನ್ನು ನಿಲಯಕ್ಕೆ ಬರೆದು ಕಳಿಸಬೇಕು, ಇದು ಅದರ ಕ್ರಮ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ಉಪಗ್ರಹ ದೂರದರ್ಶನ ಪ್ರಯೋಗ, ಅಂದರೆ ‘ಸೈಟ್’, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಮುಟ್ಟಿತು. ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಇಡೀ ಊರಿಗೆ ಒಂದು ಟಿ.ವಿ. ಇನ್ನು ಹೋಟೆಲಿನ ಪೇಪರ್ ವಿಷಯ ನಿಮಗೇ ಗೊತ್ತು. ಒಬ್ಬ ಗಟ್ಟಿಯಾಗಿ ಓದುತ್ತಾನೆ, ಇನ್ನೊಬ್ಬ ‘ಇದೆಲ್ಲ ಎಲೆಕ್ಷನ್ ಗಿಮಿಕ್ಕು’ ಎನ್ನುತ್ತಾನೆ, ಮೂರನೆಯವನು ‘ನಮ್ಮ ಭಾವ ಅದೇ ಇಲಾಖೆಲಿದಾನೆ, ಹಂಗಾಗಿಲ್ಲ ಅದು’ ಎನ್ನುತ್ತಾನೆ. ಮೊಬೈಲು ಆ ಮೂರನೆಯವನನ್ನು ಎಬ್ಬಿಸಿ ಕಳಿಸಿಬಿಟ್ಟಿದೆ. ಸುದ್ದಿ ಈಗ ಒಂಟಿಯಾಗಿ ಅಂಗೈಗೆ ಬರುತ್ತದೆ, ಜನ ಗುಂಪಾಗುವುದು ಅದನ್ನು ನಂಬಿದ ಮೇಲೆ. ನಡುವೆ ಇರಬೇಕಾದ ಚರ್ಚೆಯ ಹೊತ್ತೇ ಇಲ್ಲ. ನನ್ನ ಮಟ್ಟಿಗೆ ಮಾಧ್ಯಮ ಸಾಕ್ಷರತೆ ಎಂದರೆ ಆ ಹೊತ್ತನ್ನು ಮತ್ತೆ ಒದಗಿಸುವ ಕೆಲಸ.

ಈ ಕೆಲಸವನ್ನು ಪಕ್ಕದಲ್ಲೇ ಒಬ್ಬರು ಮಾಡಿ ನೋಡಿದ್ದಾರೆ. ಕೊಡಗಿನ ಗಡಿಗೆ ಅಂಟಿಕೊಂಡ ಕಣ್ಣೂರು ಜಿಲ್ಲೆಯಲ್ಲಿ 2018ರಲ್ಲಿ ಜಿಲ್ಲಾಧಿಕಾರಿ ಮೀರ್ ಮೊಹಮ್ಮದ್ ಅಲಿ ಅವರು ‘ಸತ್ಯಮೇವ ಜಯತೆ’ ಹೆಸರಿನಲ್ಲಿ 150ರಷ್ಟು ಸರ್ಕಾರಿ ಶಾಲೆಗಳಲ್ಲಿ ಸುಳ್ಳುಸುದ್ದಿಯನ್ನು ಗುರುತಿಸುವ ತರಗತಿ ಶುರುಮಾಡಿದರು. ಅದರ ಹಿಂದಿನ ವರ್ಷ ದಡಾರ–ರುಬೆಲ್ಲಾ ಲಸಿಕೆಯ ವಿರುದ್ಧ ಹಬ್ಬಿದ ವದಂತಿಯಿಂದ ತಂದೆತಾಯಿಗಳು ಮಕ್ಕಳಿಗೆ ಲಸಿಕೆ ಹಾಕಿಸಲು ಹಿಂಜರಿದಿದ್ದರು. ಮರುವರ್ಷ ನಿಫಾ ಬಂದಾಗ ಕೋಳಿಯಿಂದ ರೋಗ ಹರಡುತ್ತದೆ ಎಂಬ ಸಂದೇಶಗಳು ಬಂದವು. ಆ ಜಿಲ್ಲಾಧಿಕಾರಿ ಕಾನೂನಿನ ಬೆದರಿಕೆಗೆ ನಿಲ್ಲದೆ ಮೇಷ್ಟ್ರುಗಳಿಗೆ ತರಬೇತಿ ಕೊಡಿಸಿದ್ದು ನನಗೆ ಹಿಡಿಸಿತು. ಮಕ್ಕಳು ಮನೆಗೆ ಹೋಗಿ ಅಪ್ಪನ ಮೊಬೈಲು ತಿದ್ದುತ್ತಾರೆ ಎಂಬ ಲೆಕ್ಕಾಚಾರ ಅದರ ಹಿಂದಿತ್ತು.

ಆ ಲೆಕ್ಕಾಚಾರಕ್ಕೆ ಆಧಾರ ಸಿಕ್ಕಿದ್ದು ಬಿಹಾರದಲ್ಲಿ. ಅಲ್ಲಿನ ಪ್ರಯೋಗಗಳ ಮೊದಲ ಭಾಗ ಮಾತ್ರ ನಮ್ಮಂಥ ಭಾಷಣಕಾರರ ಉತ್ಸಾಹ ತಣಿಸುವಂಥದ್ದು. ಸಂಶೋಧಕಿ ಸುಮಿತ್ರಾ ಬದ್ರಿನಾಥನ್ 2019ರ ಲೋಕಸಭಾ ಚುನಾವಣೆಯ ಹೊತ್ತಿಗೆ ಅಲ್ಲಿನ ಸುಮಾರು 1,200 ಮಂದಿಯನ್ನು ಅಧ್ಯಯನಕ್ಕೆ ತೆಗೆದುಕೊಂಡರು. ಒಂದು ಪಾಲಿನವರಿಗೆ ಮನೆಯಲ್ಲೇ ಸುಮಾರು ಒಂದು ಗಂಟೆ ಪಾಠವಾಯಿತು. ಫಲ ನೋಡಿದರೆ ಒಟ್ಟಾರೆ ಗಮನಾರ್ಹ ವ್ಯತ್ಯಾಸವೇ ಇಲ್ಲ. ಪಕ್ಷನಿಷ್ಠೆ ಇದ್ದ ಕೆಲವರಂತೂ ತಮಗೆ ಹಿತವೆನಿಸುವ ಸುಳ್ಳನ್ನು ಗುರುತಿಸುವುದರಲ್ಲಿ ಇನ್ನೂ ಹಿಂದೆ ಬಿದ್ದರು. ಆಮೇಲೆ ಅವರೂ ಸಹೋದ್ಯೋಗಿಗಳೂ ಅದೇ ರಾಜ್ಯದ 583 ಹಳ್ಳಿಗಳಲ್ಲಿ ಸುಮಾರು 13,500 ವಿದ್ಯಾರ್ಥಿಗಳೊಂದಿಗೆ ಬೇರೆ ಪ್ರಯೋಗ ಮಾಡಿದರು. ಈ ಸಲ ಪಾಠ ಹಳ್ಳಿಯ ಗ್ರಂಥಾಲಯದಲ್ಲಿ, ಓರಗೆಯವರ ನಡುವೆ ನಡೆಯಿತು. 14 ವಾರಗಳಲ್ಲಿ ನಾಲ್ಕು ತರಗತಿ. ಮಕ್ಕಳು ಸುಳ್ಳನ್ನೂ ನಿಜವನ್ನೂ ಬೇರ್ಪಡಿಸುವುದರಲ್ಲಿ ಸುಧಾರಿಸಿದರು, ತಿಂಗಳುಗಳ ನಂತರವೂ ಆ ಕಲಿಕೆ ಉಳಿದಿತ್ತು, ತಂದೆತಾಯಿಗಳಿಗೂ ಅಷ್ಟಿಷ್ಟು ದಾಟಿತ್ತು.

ಈಗ ನಮ್ಮ ಕಾರ್ಯಕ್ರಮಗಳ ಕಡೆ ನೋಡೋಣ. ಹರ್ಮನ್ ಮೋಗ್ಲಿಂಗ್ ಅವರ ‘ಮಂಗಳೂರು ಸಮಾಚಾರ’ 1843ರ ಜುಲೈ 1ರಂದು ಹೊರಬಂದ ನೆನಪಿಗೆ ನಾವು ಪ್ರತಿ ಜುಲೈಯಲ್ಲಿ ಪತ್ರಿಕಾ ದಿನಾಚರಣೆ ಮಾಡುತ್ತೇವೆ. ಪ್ರಾರ್ಥನೆ, ಸ್ವಾಗತ, ದೀಪ, ಮೂವರು ಮುಖ್ಯ ಅತಿಥಿಗಳು, ಹಿರಿಯ ಪತ್ರಕರ್ತರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಓದುಗನಿಗೆ ಅಲ್ಲಿ ಚಪ್ಪಾಳೆ ತಟ್ಟುವುದರ ಹೊರತು ಕೆಲಸವಿಲ್ಲ. ಸುಳ್ಳುಸುದ್ದಿಯ ಜಾಗೃತಿಯೆಂದರೆ ಒಂದು ಬ್ಯಾನರು, ಒಂದು ಪ್ರತಿಜ್ಞಾವಿಧಿ, ಗ್ರೂಪ್ ಫೋಟೊ. ಆ ಫೋಟೊ ಸಂಜೆಗೆ ವಾಟ್ಸ್‌ಆ್ಯಪ್ ಗುಂಪಿಗೆ ಬರುತ್ತದೆ, ಅದರ ಕೆಳಗೇ ಈರುಳ್ಳಿ ರಸದಿಂದ ಸಕ್ಕರೆ ಕಾಯಿಲೆ ಮಾಯ ಎಂಬ ಫಾರ್ವರ್ಡು.

ಅದರ ಬದಲು ಒಂದು ಸಂಜೆಯ ತರಗತಿ ಹೀಗಿರಲಿ ಎಂದು ನನ್ನಾಸೆ. ಇಪ್ಪತ್ತು ಜನ, ಒಂದು ಗೋಡೆ, ಒಂದು ಪ್ರೊಜೆಕ್ಟರ್. ಕರಾಚಿಯ ವಿಡಿಯೊದ ಕತ್ತರಿಸಿದ ತುಂಡನ್ನು ಮೊದಲು ಹಾಕಿ, ಏನೂ ಹೇಳಬೇಡಿ. ಇದು ಯಾವ ಊರು, ಅಂಗಡಿಯ ಬೋರ್ಡು ಯಾವ ಲಿಪಿಯಲ್ಲಿದೆ, ಕ್ಯಾಮೆರಾ ಎಲ್ಲಿ ಇಟ್ಟಿದ್ದಾರೆ ಎಂದು ಅವರೇ ಹುಡುಕಲಿ. ಆಮೇಲೆ ಪೂರ್ತಿ ವಿಡಿಯೊ ಹಾಕಿ. ಮಗು ಕೆಳಗಿಳಿಯುವ ಗಳಿಗೆಗೆ ಆ ಕೋಣೆಯಲ್ಲಿ ಆಗುವ ಬದಲಾವಣೆ ಯಾವ ಭಾಷಣದಿಂದಲೂ ಆಗುವುದಿಲ್ಲ. ಮುಂದಿನ ವಾರ ಒಂದು ಚಿತ್ರವನ್ನು ಗೂಗಲ್ ಲೆನ್ಸ್‌ನಲ್ಲಿ ಹಾಕಿ, ಅದು ಮೊದಲು ಎಂದು ಎಲ್ಲಿ ಬಂದಿತ್ತು ಎಂದು ನೋಡುವುದನ್ನು ಕಲಿಸಿ. ಹಳೆಯ ಪ್ರವಾಹದ ಚಿತ್ರ ಪ್ರತಿ ಮಳೆಗಾಲದಲ್ಲೂ ಹೊಸ ಊರಿನ ಹೆಸರು ಹೊತ್ತು ಬರುತ್ತದೆ. ಮೂರನೆಯ ವಾರಕ್ಕೆ ಅವರೇ ತಮ್ಮ ಮನೆಯ ಗುಂಪುಗಳಿಂದ ಫಾರ್ವರ್ಡು ತರಲಿ. ತಂದವರ ಹೆಸರು ಕೇಳಬಾರದು, ನಗಬಾರದು. ದೊಡ್ಡಮ್ಮ ಕಳಿಸಿದ್ದನ್ನು ಎಲ್ಲರೆದುರು ಸುಳ್ಳು ಎಂದರೆ ದೊಡ್ಡಮ್ಮ ಸಂದೇಶವನ್ನಲ್ಲ, ನಿಮ್ಮನ್ನು ಬಿಡುತ್ತಾರೆ.

ಒಂದು ಅಪಾಯ ಇದೆ. ಬರೀ ಅನುಮಾನವನ್ನು ಕಲಿಸಿದರೆ ‘ಎಲ್ಲ ಪೇಪರೂ ಸುಳ್ಳು, ಎಲ್ಲ ಚಾನೆಲ್ಲೂ ಮಾರಿಕೊಂಡಿವೆ’ ಎಂಬಲ್ಲಿಗೆ ಜನ ಹೋಗಿ ನಿಲ್ಲುತ್ತಾರೆ. ಸುಳ್ಳು ಹುಟ್ಟಿಸುವವನಿಗೆ ಅದಕ್ಕಿಂತ ಹಬ್ಬ ಬೇರೆ ಇಲ್ಲ. ಹಾಗಾಗಿ ಸುದ್ದಿ ತಯಾರಾಗುವ ಬಗೆಯನ್ನೂ ತೋರಿಸಬೇಕು. ನಾನು ವರ್ಷಗಟ್ಟಲೆ ಡೆಸ್ಕಿನಲ್ಲಿ ಕೂತವನು. ತಾಲ್ಲೂಕಿನ ವರದಿಗಾರ ಸಾವಿನ ಸಂಖ್ಯೆ ಹೇಳಿದರೆ ಆಸ್ಪತ್ರೆಗೊಂದು, ಪೊಲೀಸ್ ಠಾಣೆಗೊಂದು ಫೋನು ಮಾಡದೆ ಪುಟ ಬಿಡುತ್ತಿರಲಿಲ್ಲ. ಎರಡೂ ಕಡೆ ಬೇರೆ ಸಂಖ್ಯೆ ಹೇಳಿದರೆ ಏನು ಮಾಡುತ್ತಿದ್ದೆವು, ತಪ್ಪಾದಾಗ ತಿದ್ದುಪಡಿ ಯಾಕೆ ಒಳಪುಟದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರುತ್ತದೆ, ಜಾಹೀರಾತು ಸುದ್ದಿಯ ವೇಷದಲ್ಲಿ ಹೇಗೆ ಕೂರುತ್ತದೆ ಎಂಬುದೆಲ್ಲ ಓದುಗರಿಗೆ ಗೊತ್ತಾಗಲಿ. ಜುಲೈ 1ರಂದು ಪತ್ರಿಕಾ ಕಚೇರಿಗಳು ಬಾಗಿಲು ತೆರೆದು ಹೈಸ್ಕೂಲು ಮಕ್ಕಳನ್ನು ಡೆಸ್ಕಿನ ಪಕ್ಕ ಕೂರಿಸಿಕೊಂಡರೆ ಶಾಲಿನ ಖರ್ಚೂ ಉಳಿಯುತ್ತದೆ. ಮುಜುಗರದ ಪ್ರಶ್ನೆಗಳು ಬರುತ್ತವೆ, ಬರಲಿ.

ಇಂಥ ತರಗತಿ ನಡೆಸುವ ಜಾಗಕ್ಕೆ ನಾವು ಬಿಹಾರದ ಕಡೆ ನೋಡಬೇಕಾಗಿಲ್ಲ. 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 5,000ಕ್ಕೂ ಹೆಚ್ಚಿವೆ. ಅವಕ್ಕೀಗ ‘ಅರಿವು ಕೇಂದ್ರ’ ಎಂದು ಹೆಸರು. ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳು ಅಲ್ಲಿಗೆ ಬರುವುದು ರೂಢಿಯಾಗಿದೆ, ಹಲವು ಕಡೆ ಕಂಪ್ಯೂಟರೂ ಇದೆ. ಸ್ತ್ರೀಶಕ್ತಿ ಸಂಘಗಳ ವಾರದ ಸಭೆಗಳು ಹೇಗೂ ನಡೆಯುತ್ತವೆ. ಲೋನ್ ಆ್ಯಪ್ ಮೋಸ, ಲಾಟರಿ ಸಂದೇಶ, ಸಾಹೇಬರ ದನಿಯಲ್ಲಿ ಬರುವ ನಕಲಿ ಕರೆ, ಇವುಗಳ ಪೆಟ್ಟು ಮೊದಲು ಬೀಳುವುದು ಅಲ್ಲಿ ಕೂತ ಹೆಣ್ಣುಮಕ್ಕಳ ಪಾಸ್‌ಬುಕ್ಕಿನ ಮೇಲೆ. ತರಗತಿ ಅಲ್ಲಿಂದಲೂ ಶುರುವಾಗಬಹುದು.

ಕೊರತೆ ಇರುವುದು ಕಲಿಸುವವರದ್ದು. ಗ್ರಂಥಾಲಯದ ಮೇಲ್ವಿಚಾರಕರ ಹೆಗಲಿಗೆ ಆಗಲೇ ಹತ್ತಾರು ಕೆಲಸಗಳಿವೆ, ಅವರ ಗೌರವಧನದ ವಿಷಯ ಎತ್ತಿದರೆ ಇನ್ನೊಂದು ಉಪನ್ಯಾಸವೇ ಬೇಕು. ‘ಇದನ್ನೂ ಮಾಡಿ’ ಎಂದು ಒಂದು ಸುತ್ತೋಲೆ ಕಳಿಸಿದರೆ ಅದು ಫೈಲಿನಲ್ಲಿ ಉಳಿಯುತ್ತದೆ. ತಾಲ್ಲೂಕಿಗೆ ಇಬ್ಬರಂತೆ ನಿವೃತ್ತ ಶಿಕ್ಷಕರನ್ನೋ ಪತ್ರಕರ್ತರನ್ನೋ ಗುರುತಿಸಿ, ತಿರುಗಾಟದ ಖರ್ಚು ಕೊಟ್ಟು, ಕನ್ನಡದಲ್ಲೇ ಸಿದ್ಧಪಡಿಸಿದ ನಾಲ್ಕು ಪಾಠಗಳನ್ನು ಅವರ ಕೈಗಿಡಬೇಕು. ಈ ದತ್ತಿಯ ವಾರ್ಷಿಕ ಬಡ್ಡಿ ಎಷ್ಟೆಂದು ಆಹ್ವಾನಪತ್ರದಲ್ಲಿ ಇರಲಿಲ್ಲ, ಕೇಳುವುದು ನನಗೂ ಸರಿಯಲ್ಲ. ಆದರೆ ಮುಂದಿನ ವರ್ಷ ಉಪನ್ಯಾಸಕರೊಬ್ಬರನ್ನು ಕರೆಸುವ ಬದಲು ಆ ಮೊತ್ತದಲ್ಲಿ ಇದೇ ತಾಲ್ಲೂಕಿನ ಒಂದು ಅರಿವು ಕೇಂದ್ರದಲ್ಲಿ ನಾಲ್ಕು ಸಂಜೆಗಳ ತರಗತಿ ನಡೆಸಲು ಸಾಧ್ಯವೇ ಎಂದು ದತ್ತಿ ಸ್ಥಾಪಿಸಿದ ಕುಟುಂಬದವರೂ ಸಮಿತಿಯವರೂ ಯೋಚಿಸಬೇಕೆಂದು ಕೋರುತ್ತೇನೆ. ಮೊದಲ ತರಗತಿಗೆ ನಾನು ಬರುತ್ತೇನೆ, ಬಸ್ ಚಾರ್ಜು ನನ್ನದೇ.