ಊರ ಹೆಸರೇ ಒರೆಗಲ್ಲು



ತಂತ್ರಾಂಶದ ಮಾತಿಗೆ ಬೆಂಗಳೂರು ಬಿಟ್ಟು ತೆಲಿಗಿಗೇಕೆ ಬಂದಿರಿ ಎಂದು ಕೆಲವರು ಕೇಳಿದರು. ಉತ್ತರ ಈ ಸೀಮೆಯ ಊರ ಹೆಸರುಗಳಲ್ಲೇ ಇದೆ. ಕೊಟ್ಟೂರು ಎಂದು ಬೆರಳಚ್ಚು ಮಾಡಿ ನೋಡಿ. ಅದರ ಮೊದಲ ಅಕ್ಷರದ ಒತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಇಡಬಹುದು. ಎತ್ವ, ಕೊಂಬಿನಿಳಿ ಎಂದು ಎರಡಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ಕೊಟ್ಟೂರೇ. ಎರಡನ್ನೂ ಒಂದೇ ರೂಪಕ್ಕೆ ತರದೆ ಹುಡುಕುವ ಗಣಕಕ್ಕೆ ಮಾತ್ರ ಅವು ಬೇರೆ ಬೇರೆ ಊರು. ಉಚ್ಚಂಗಿದುರ್ಗದ ಪಾಡು ಇನ್ನೊಂದು ಬಗೆಯದು. ಹಳೆಯ ನುಡಿ, ಬರಹ ಫಾಂಟುಗಳ ಕಡತದಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ಗಕಾರದ ನಂತರ ಇರುತ್ತದೆ. ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಪರಿವರ್ತಕ ಅದನ್ನು ಹಿಂದಕ್ಕೆ ಸರಿಸದಿದ್ದರೆ ದುರ್ಗ ಕೆಡುತ್ತದೆ.

ಇದನ್ನೆಲ್ಲ ಯಂತ್ರವೇ ಪರೀಕ್ಷಿಸಲಿ ಎನ್ನುವುದು ಸರಿ. ಹೇಗೆ ಎನ್ನುವುದರಲ್ಲಿದೆ ತೊಡಕು. ನುಡಿಯಿಂದ ಯೂನಿಕೋಡ್‌ಗೆ, ಮರಳಿ ನುಡಿಗೆ ತಿರುಗಿಸಿ ಹೋಲಿಸುವ ಪರೀಕ್ಷೆ ಸುಲಭ. ಆದರೆ ಹೋಗುವಾಗಿನ ತಪ್ಪನ್ನೇ ಬರುವಾಗಲೂ ಮಾಡಿದರೆ ಯಂತ್ರ ಪಾಸು ಎನ್ನುತ್ತದೆ! ಪರದೆಯ ಚಿತ್ರ ತೆಗೆದು ಹಳೆಯ ಚಿತ್ರದೊಡನೆ ಹೋಲಿಸೋಣವೆಂದರೆ, ಫಾಂಟಿನ ಹೊಸ ಆವೃತ್ತಿ ಬಂದು ಅಕ್ಷರ ಕೂದಲೆಳೆಯಷ್ಟು ಜರುಗಿದರೂ ತಪ್ಪೆಂದು ಕೂಗುತ್ತದೆ. ಇಂಥ ಸುಳ್ಳು ಕೂಗು ಕೇಳಿ ಕೇಳಿ, ನಿಜವಾದ ತಪ್ಪು ಬಂದಾಗ ಯಾರೂ ತಿರುಗಿ ನೋಡುವುದಿಲ್ಲ. ಕಣ್ಣಿಗೆ ಕಾಣುವುದನ್ನು ನಂಬುವಂತೆಯೂ ಇಲ್ಲ: ಪಿಡಿಎಫ್‌ನಲ್ಲಿ ಅಚ್ಚು ಚೆನ್ನಾಗಿರುತ್ತದೆ, ನಕಲು ಮಾಡಿ ಅಂಟಿಸಿದರೆ ಅಕ್ಷರಗಳು ಚೆಲ್ಲಾಪಿಲ್ಲಿ.

ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗಳಲ್ಲಿ ಅಕ್ಷರ ಜೋಡಿಸುವ ಹಾರ್ಫ್‌ಬಜ್ ಎಂಬ ತಂತ್ರಾಂಶ ಇದಕ್ಕೊಂದು ದಾರಿ ಕಂಡುಕೊಂಡಿದೆ. ಯಾವ ಫಾಂಟು, ಯಾವ ಸಂಕೇತಗಳು, ಯಾವ ಅಕ್ಷರರೂಪ ಬರಬೇಕು, ಇಷ್ಟೂ ಒಂದೇ ಸಾಲಿನಲ್ಲಿ. ಆ ಸಾಲೇ ಪರೀಕ್ಷೆ, ಅದೇ ದಾಖಲೆ. ನನಗೆ ಇದು ಬಹಳ ಹಿಡಿಸಿದೆ. ಬೇರೆ ವರದಿ ಬರೆಯುವ ಕೆಲಸ ನಮ್ಮಲ್ಲಿ ಯಾವತ್ತೂ ನಾಳೆಗೇ ಉಳಿಯುತ್ತದೆ.

ಆದರೆ ಸಾಲು ಬರೆದ ಕಾರಣವೂ ಬೇಕು, ದಿನಾಂಕವೂ ಬೇಕು. ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. 2010ರಲ್ಲಿ ಯಾರೋ ಬರೆದ ‘ಜಿಲ್ಲೆ: ದಾವಣಗೆರೆ’ ಎಂಬ ಪರೀಕ್ಷೆ ಇಂದು ಸೋತರೆ ತಪ್ಪು ತಂತ್ರಾಂಶದ್ದೋ ಪರೀಕ್ಷೆಯದೋ? ದಾಖಲೆಯಿಲ್ಲದೆ ಹೇಳಲಾಗದು. ‘ನೋಡಿದೆ, ಸರಿ ಇದೆ’ ಎಂಬ ಷರಾ ನನ್ನ ಮಟ್ಟಿಗೆ ದಾಖಲೆಯೇ ಅಲ್ಲ.

ದೊಡ್ಡ ಕಂಪನಿಗಳು ನೋಡಿಕೊಳ್ಳುತ್ತವೆ ಎನ್ನುವವರಿಗೆ ಒಂದು ಮಾತು. 2018ರ ಫೆಬ್ರುವರಿಯಲ್ಲಿ ತೆಲುಗಿನ ಒಂದು ಸಂಯುಕ್ತಾಕ್ಷರ ತಲುಪಿದ ಐಫೋನ್‌ಗಳಲ್ಲಿ ಆ್ಯಪ್‌ಗಳು ಕುಸಿದುಬಿದ್ದವು. ಆಪಲ್ ಐಒಎಸ್ 11.2.6 ಕಳಿಸಿ ಸರಿಪಡಿಸಬೇಕಾಯಿತು. ತೆಲುಗು ಓದುವವರ ಮಾತು ಪರೀಕ್ಷೆಯ ಪಟ್ಟಿಯೊಳಗೆ ಮೊದಲೇ ಸೇರಿದ್ದರೆ ಆ ದೋಷ ಅಂಗಡಿಗೆ ಬರುವ ಮುನ್ನವೇ ಸಿಕ್ಕಿಬೀಳಬಹುದಿತ್ತು.

ಆದ್ದರಿಂದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯವರಲ್ಲಿ ನನ್ನ ವಿನಂತಿ: ನಿಮ್ಮ ಊರು, ಕೆರೆ, ಮನೆತನಗಳ ಹೆಸರುಗಳನ್ನು ಬರೆದುಕೊಡಿ. ಎಲ್ಲಿ ತಪ್ಪಾಗಿ ಮೂಡಿತು, ಯಾವ ಫೋನು, ಯಾವ ಆವೃತ್ತಿ, ಯಾವ ಕೀಲಿಮಣೆ ಎಂಬುದನ್ನೂ ಜೊತೆಗೆ ಬರೆಯಿರಿ. ಅದನ್ನು ಪರೀಕ್ಷೆಯ ಸಾಲಾಗಿಸಿ, ಯಾರು ಬೇಕಾದರೂ ಬಳಸುವಂತೆ ಮುಕ್ತವಾಗಿಡುವ ಕೆಲಸವನ್ನು ಇಲ್ಲಿರುವ ಎಂಜಿನಿಯರುಗಳು ವಹಿಸಿಕೊಳ್ಳಲಿ.