ಗಾಡಿಗೆ ಕಟ್ಟುವ ಮುನ್ನ, ಬಿಚ್ಚುವ ಮುನ್ನ

(ಗ್ರಾಮಸಭೆಯಲ್ಲಿ ಗ್ರಾಮಸೇವಕರು ಆಡಿದ ಮಾತುಗಳು)



ಬೀಜ-ಗೊಬ್ಬರದ ಮಾತು ಬಿಟ್ಟು ಇಂದು ಮೋಟಾರ್ ಸೈಕಲ್ಲಿನ ಮಾತು ಎತ್ತಿದ್ದೇನೆ. ಹಿಂದೆ ಚಕ್ಕಡಿ ಮಾಡುತ್ತಿದ್ದ ಕೆಲಸ ಈಗ ಬಹಳಷ್ಟು ಇದರ ಮೇಲೆಯೇ ಬಿದ್ದಿದೆ. ಬೈಲಹೊಂಗಲದ ಪೇಟೆಗೂ ಇದೇ, ಡೇರಿಗೂ ಇದೇ, ಹೊಲಕ್ಕೆ ಸ್ಪ್ರೇ ಪಂಪು ಒಯ್ಯಲಿಕ್ಕೂ ಇದೇ.

ಹಾಲಿನ ಕ್ಯಾನಿನಿಂದ ಆರಂಭಿಸೋಣ. 40 ಲೀಟರಿನ ಕ್ಯಾನು ತುಂಬಿದರೆ ಹಾಲೇ ಸುಮಾರು 41 ಕಿಲೋ ತೂಗುತ್ತದೆ. ಅಂಥ ಎರಡು ಕ್ಯಾನು ಹಿಂದಿನ ಗಾಲಿಯ ಅಚ್ಚಿಗಿಂತ ಹಿಂದೆ ಜೋತುಬಿದ್ದರೆ ಮುಂದಿನ ಗಾಲಿ ಹಗುರಾಗುತ್ತದೆ. ಚಕ್ಕಡಿಯಲ್ಲಿ ಹೇರು ಹಿಂದಕ್ಕೆ ಜಗ್ಗಿದರೆ ನೊಗ ಮೇಲೇಳುವುದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಇಲ್ಲಿಯೂ ಅದೇ ಲೆಕ್ಕ. ಹ್ಯಾಂಡಲು ಮಾತು ಕೇಳುವುದಿಲ್ಲ, ಮುಂದಿನ ಬ್ರೇಕು ಹಿಡಿದರೆ ಗಾಲಿ ಬೇಗ ಜಾರುತ್ತದೆ. ಅರೆ ತುಂಬಿದ ಕ್ಯಾನು ಇನ್ನೂ ಕೆಟ್ಟದ್ದು. ತಿರುವಿನಲ್ಲಿ ಹಾಲು ಒಂದೇ ಮಗ್ಗುಲಿಗೆ ನುಗ್ಗುತ್ತದೆ. ಆದ್ದರಿಂದ ಸಣ್ಣ ಕ್ಯಾನುಗಳನ್ನು ತುಂಬಿಸಿ, ಎರಡೂ ಮಗ್ಗುಲಿಗೆ ಸಮತೂಕವಾಗಿ, ಸೀಟಿಗೆ ಹತ್ತಿರ, ಆದಷ್ಟು ಕೆಳಗೆ ಕಟ್ಟಿರಿ. ಒಬ್ಬರಿದ್ದರೆ ಟೈರಿಗೆ ಎಷ್ಟು ಗಾಳಿ, ಇಬ್ಬರಿದ್ದರೆ ಎಷ್ಟು ಎಂದು ಗಾಡಿಯ ಪುಸ್ತಕದಲ್ಲಿ ಬರೆದಿರುತ್ತದೆ. ಹ್ಯಾಂಡಲಿಗೆ ಚೀಲ ತೂಗುಹಾಕಲೇಬೇಡಿ.

ಇನ್ನು ಬಿಚ್ಚುವ ಮಾತು. ಎರೆಹೊಲದ ದಾರಿಯಲ್ಲಿ ಕೆಸರು ಮೆತ್ತುತ್ತದೆಂದು, ಇಲ್ಲವೆ ಅಂದ ಕೆಡುತ್ತದೆಂದು, ನಮ್ಮ ತರುಣರು ಸೀರೆ ಗಾರ್ಡನ್ನು ಬಿಚ್ಚಿ ಅಟ್ಟಕ್ಕೆ ಎಸೆಯುತ್ತಾರೆ. ಅದೇ ಗಾಡಿಯ ಮೇಲೆ ಭಾರತ ಹುಣ್ಣಿಮೆಗೆ ಅವ್ವನನ್ನು ಕೂರಿಸಿಕೊಂಡು ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೊರಡುತ್ತಾರೆ! ಸೆರಗು ಹಾರಿ ಗಾಲಿಗೆ ಸಿಕ್ಕರೆ ಗಾಲಿ ಅದನ್ನು ಸುತ್ತಿಕೊಂಡು ಕುಳಿತವರನ್ನು ಕೆಡವುತ್ತದೆ. ಕೊರಳಿಗೆ ಬಿಗಿದರೆ ಜೀವಕ್ಕೇ ಕುತ್ತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯದು ಇದನ್ನೇ ಹೇಳುತ್ತದೆ: ಹಿಂದಿನ ಗಾಲಿಯ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮರೆ ಇರಬೇಕು, ಹಿಂದೆ ಕುಳಿತವರಿಗೆ ಹಿಡಿಕೆ ಮತ್ತು ಕಾಲಿಡಲು ಮೆಟ್ಟು ಇರಬೇಕು. ಕೆಸರು ಕಟ್ಟಿದರೆ ಕಡ್ಡಿಯಿಂದ ಕೆರೆದು ತೆಗೆಯಿರಿ. ತಾಯಂದಿರೇ, ಗಾರ್ಡಿಲ್ಲದ ಗಾಡಿಯನ್ನು ಮಗನೇ ತಂದರೂ ಹತ್ತಬೇಡಿರಿ.

ಕನ್ನಡಿ ಬಿಚ್ಚಿದವನಿಗೆ ಕಿತ್ತೂರಿನ ಹೆದ್ದಾರಿಯಲ್ಲಿ ಹಿಂದೆ ಬರುವ ಲಾರಿ ಕಾಣದು. ಕಣ್ಣು ಕುಕ್ಕುವ ಬಿಳಿ ದೀಪ ಹಾಕಿಸಿದವನು ಎದುರಿನವನನ್ನು ಕುರುಡು ಮಾಡಿ ತನ್ನ ಮೇಲೆಯೇ ತಂದುಕೊಳ್ಳುತ್ತಾನೆ. ಗುಡುಗುವ ಸೈಲೆನ್ಸರಿಗೆ ಎತ್ತು ಬೆದರಿದರೆ ಹೇರಿದ ಚಕ್ಕಡಿ ಎತ್ತ ನುಗ್ಗೀತು? ಹೆಲ್ಮೆಟ್ಟು ಐ.ಎಸ್.ಐ. ಗುರುತಿನದಿರಲಿ, ಇಬ್ಬರಿಗೂ ಇರಲಿ, ಗದ್ದದ ಪಟ್ಟಿ ಬಿಗಿದಿರಲಿ.

ಸಭೆ ಮುಗಿದ ಮೇಲೆ ಗಾಡಿ ತಂದವರು ಬೇವಿನ ಗಿಡದ ನೆರಳಿಗೆ ನಿಲ್ಲಿಸಿರಿ. ಪಾನಾ ತಂದಿದ್ದೇನೆ, ಕ್ಯಾನಿನ ಕೊಕ್ಕೆ, ಗಾರ್ಡಿನ ಬೋಲ್ಟು ಒಂದೊಂದಾಗಿ ನೋಡೋಣ.